ವಸ್ತಿ ಬಸ್ಸಿನ ಉಪವಾಸ

ಕೆಂಪಗುಡ್ಡ, ದೇವದುರ್ಗ ತಾಲೂಕು
೧೮ ನವೆಂಬರ್ ೧೯೮೨

ಶ್ರೀಮತಿ ಸೂಗಮ್ಮನವರಿಗೆ,

ನಮಸ್ಕಾರ. ನಾವಿಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಮಾನ್ವಿಯ ನಿಮ್ಮ ವಿಳಾಸವನ್ನು ಕಂಡಕ್ಟರ್ ಬುರ್ಹಾನುದ್ದೀನ್ ಅವರಿಂದ ಪಡೆದೆ. ನಾನು ಈ ಊರಿನ ಪ್ರಾಥಮಿಕ ಶಾಲೆಯ ಟೀಚರ್. ನಿಮ್ಮ ಯಜಮಾನರು ವಿರೂಪಣ್ಣನವರು ಸೋಮವಾರದಿಂದ ಶುಕ್ರವಾರದವರೆಗೆ ಪ್ರತಿ ಸಂಜೆ ರಾಯಚೂರಿನಿಂದ ಬಸ್ಸು ತಂದು ನಮ್ಮೂರಲ್ಲಿ ರಾತ್ರಿ ವಸ್ತಿ ಮಾಡುತ್ತಾರೆ. ಬೆಳಿಗ್ಗೆ ಆರೂವರೆಗೆ ಅದೇ ಬಸ್ಸು ದೇವದುರ್ಗದ ಮೇಲೆ ರಾಯಚೂರಿಗೆ ಹೊರಡಬೇಕು. ಅದನ್ನು ಬಿಟ್ಟರೆ ನಮಗೆ ಮಧ್ಯಾಹ್ನದವರೆಗೆ ಬೇರೆ ಬಸ್ಸಿಲ್ಲ. ಜಾಲಹಳ್ಳಿಗೆ ನಡೆದು ಹೋಗಬೇಕು.

ಈ ಬಸ್ಸಿನಲ್ಲಿ ನಮ್ಮೂರಿನ ಮೂವರು ಹುಡುಗಿಯರು ದೇವದುರ್ಗದ ಹೈಸ್ಕೂಲಿಗೆ ಹೋಗುತ್ತಾರೆ. ಮೂವರೂ ನನ್ನ ಕೈಯಲ್ಲಿ ಏಳನೆಯ ತರಗತಿಯವರೆಗೆ ಓದಿದವರು. ಏಪ್ರಿಲ್‌ನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ. ಈ ಊರಿನಿಂದ ಆ ಪರೀಕ್ಷೆಗೆ ಕೂರುವ ಮೊದಲ ಹೆಣ್ಣುಮಕ್ಕಳು ಇವರೇ.

ಹೇಳಲು ಕಷ್ಟವಾಗುವ ಮಾತನ್ನು ಈಗ ಬರೆಯುತ್ತೇನೆ. ನಿಮ್ಮ ಯಜಮಾನರು ರಾತ್ರಿ ಸೇಂದಿ ಕುಡಿಯುತ್ತಾರೆ. ಕುಡಿದು ಗದ್ದಲ ಮಾಡುವವರಲ್ಲ, ಯಾರಿಗೂ ಕೆಟ್ಟ ಮಾತು ಆಡಿದವರಲ್ಲ. ಆದರೆ ಬೆಳಿಗ್ಗೆ ಏಳಲಾಗುವುದಿಲ್ಲ. ತಲೆ ಹಿಡಿದುಕೊಂಡು ಚಾವಡಿಯ ಕಟ್ಟೆಯ ಮೇಲೆ ಕೂತಿರುತ್ತಾರೆ, ವಾಂತಿ ಮಾಡಿಕೊಳ್ಳುತ್ತಾರೆ. ಬಸ್ಸು ಏಳೂವರೆಗೆ ಹೊರಟರೆ ಅದೇ ಪುಣ್ಯ. ಹೊರಟ ಮೇಲೂ ನನಗೆ ಸಮಾಧಾನವಿರುವುದಿಲ್ಲ. ಅಂಥ ತಲೆಯ ಮನುಷ್ಯ ಹಳ್ಳದ ಸೇತುವೆಯ ಮೇಲೆ ಮಕ್ಕಳನ್ನು ಕರೆದೊಯ್ಯುತ್ತಿರುತ್ತಾರೆ.

ಡಿಪೋಗೆ ದೂರು ಬರೆಯಬಹುದಿತ್ತು. ಬರೆದರೆ ಅವರ ಕೆಲಸ ಹೋಗಬಹುದು. ಈ ವಸ್ತಿಗಾಗಿ ಪಕ್ಕದ ಊರಿನವರೂ ಕಾದಿದ್ದಾರೆ, ಬಸ್ಸೇ ಅಲ್ಲಿಗೆ ಹೋಗಬಹುದು. ಹಾಗಾಗಿ ನಿಮಗೆ ಬರೆಯುತ್ತಿದ್ದೇನೆ.

ನನ್ನ ಬಳಿ ಒಂದು ಇಂಗ್ಲಿಷ್ ಆರೋಗ್ಯ ಪುಸ್ತಕವಿದೆ. ಬರಿ ಹೊಟ್ಟೆಯಲ್ಲಿ ಕುಡಿಯಬಾರದು, ನಡುನಡುವೆ ನೀರು ಕುಡಿಯಬೇಕು, ಬೆಳಿಗ್ಗೆ ಉಪ್ಪು ಹಾಕಿದ ಮಜ್ಜಿಗೆಯೋ ಅಂಬಲಿಯೋ ಒಳ್ಳೆಯದು, ತಲೆನೋವಿಗೆಂದು ಮತ್ತೆ ಒಂದು ಗ್ಲಾಸು ಏರಿಸುವುದು ಎಲ್ಲಕ್ಕಿಂತ ಕೆಟ್ಟದ್ದು ಎಂದು ಅದರಲ್ಲಿದೆ. ಕುಡಿಯದಿರುವುದೊಂದೇ ಪೂರ್ತಿ ಮದ್ದು ಎಂದೂ ಇದೆ. ನೀವು ಒಂದು ಮಾತು ಹೇಳಿದರೆ ಕೇಳಿಯಾರು.

ಇತಿ,
ಶೇಖಮ್ಮ

*

ಮಾನ್ವಿ
೫ ಡಿಸೆಂಬರ್ ೧೯೮೨

ಟೀಚರ್ ಅವರಿಗೆ,

ಶರಣು. ನಿಮ್ಮ ಪತ್ರ ಮುಟ್ಟಿತು. ನಮ್ಮದು ಲಿಂಗವಂತರ ಮನೆ. ಮೂರು ತಲೆಮಾರಿನಿಂದ ಯಾರೂ ಕುಡಿದವರಿಲ್ಲ. ನಮ್ಮ ಅತ್ತೆಯವರು ಉಳ್ಳಾಗಡ್ಡೆ ಕೂಡ ಮುಟ್ಟುವುದಿಲ್ಲ. ನಮ್ಮವರು ಶನಿವಾರ ಮನೆಗೆ ಬಂದಾಗ ಚೆನ್ನಾಗಿಯೇ ಇರುತ್ತಾರೆ. ನೀವು ಬೇರೆ ಯಾರನ್ನೋ ನೋಡಿ ಬರೆದಿರಬೇಕು. ಓದಿದವರು ಹೀಗೆ ಕಾಣದ ಹೆಂಗಸಿಗೆ ಅವಳ ಗಂಡನ ಮೇಲೆ ಬರೆಯುವುದು ಸರಿಯೋ ಏನೋ ನಿಮಗೇ ಗೊತ್ತು.

ಪತ್ರವನ್ನು ಯಾರಿಗೂ ತೋರಿಸಿಲ್ಲ.

ಒಂದು ಮಾತು ಕೇಳುತ್ತೇನೆ. ಅವರು ಅಲ್ಲಿ ರಾತ್ರಿ ಏನು ಉಣ್ಣುತ್ತಾರೆ? ಶನಿವಾರ ಬಂದವರು ಹಸಿದ ಹುಡುಗರ ಹಾಗೆ ಉಣ್ಣುತ್ತಾರೆ. ಕೇಳಿದರೆ, "ನಿನ್ನ ಕೈ ರೊಟ್ಟಿ ಚಲೋ ಅದ, ಅದಕ್ಕ" ಅನ್ನುತ್ತಾರೆ.

ಸೂಗಮ್ಮ

*

ಕೆಂಪಗುಡ್ಡ
೨೨ ಡಿಸೆಂಬರ್ ೧೯೮೨

ಸೂಗಮ್ಮನವರಿಗೆ,

ನಮಸ್ಕಾರ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆ ಪತ್ರ ಹಾಕಿದ ದಿನದಿಂದ ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೆ. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಹುಡುಕುವಾಗ ನಾನು ಎಂದೂ ಗಮನಿಸದ ಒಂದು ಸಂಗತಿ ಕಂಡಿತು. ನಿಮ್ಮ ಯಜಮಾನರು ಇಲ್ಲಿ ರಾತ್ರಿ ಏನೂ ಉಣ್ಣುವುದಿಲ್ಲ.

ಬುರ್ಹಾನುದ್ದೀನ್ ಅವರನ್ನು ಕೇಳಿದೆ. "ನಾ ವೆಂಕಣ್ಣನ ಮನ್ಯಾಗ ಹೊಟ್ಟಿ ತುಂಬ ಉಣ್ತೀನ್ರಿ. ನಮ್ಮ ಡ್ರೈವರ್ ಸಾಬ್ರು ರಾಯಚೂರು ಖಾನಾವಳ್ಯಾಗ ಮಧ್ಯಾಹ್ನ ಉಂಡದ್ದೇ. ಇಲ್ಲಿ ಬರೇ ಗ್ಲಾಸು" ಎಂದರು. "ಯಾಕ?" ಎಂದರೆ, "ಅದು ನನಗ ಕೇಳಬ್ಯಾಡ್ರಿ, ನಾ ಟಿಕೆಟ್ ಹರಿಯಾಂವ" ಎಂದು ನಕ್ಕರು.

ವೆಂಕಣ್ಣ ನಮ್ಮೂರಿನ ಹಿರಿಯರು. ವಸ್ತಿ ಬಸ್ಸಿಗಾಗಿ ಓಡಾಡಿದವರು ಅವರೇ. ಪ್ರತಿ ಸಂಜೆ ಸೇಂದಿ ಕಳಿಸುವುದೂ ಅವರೇ. ಅವರ ಜಗಲಿಗೆ ಹೋಗಿ, ಕುಡಿಸಬೇಡಿ ಎಂದು ಹೇಳಿದೆ.

"ಕುಡಿಸಬ್ಯಾಡ ಅಂದ್ರ ಏನ್ ಕೊಡ್ಲಿ, ಟೀಚರ್? ಬಸ್ಸು ನಮ್ಮೂರಾಗ ಮಲಗಬೇಕಂದ್ರ ಡ್ರೈವರಂದು ಮನಸ್ಸು ನಮ್ಮೂರಾಗ ಇರಬೇಕು."

"ಊಟ ಕೊಡ್ರಿ."

"ಬಂದ ಮೊದಲನೇ ದಿನಾನ ಕರದೀವಿ. ಕೈ ಮುಗದು ಒಲ್ಲೆ ಅಂದ. ಅಡ್ಡಾಡಿ ಹೊಟ್ಟಿ ಸರಿ ಇಲ್ಲ ಅಂದ. ಹೊಟ್ಟಿ ಸರಿ ಇಲ್ಲದಾಂವ ಸೇಂದಿ ಹೆಂಗ ಕುಡೀತಾನ? ನಮಗ ತಿಳಿಯೂದಿಲ್ಲೇನು?"

ಈ ಊರಿನಲ್ಲಿರುವುದು ವೆಂಕಣ್ಣನವರ ನಾಯಕ ಜಾತಿಯ ಮನೆಗಳು, ಹರಿಜನರ ಮನೆಗಳು; ಲಿಂಗವಂತರದ್ದು ಒಂದೂ ಇಲ್ಲ. ವೆಂಕಣ್ಣ ಅದಕ್ಕಿಂತ ಹೆಚ್ಚೇನೂ ಹೇಳಲಿಲ್ಲ. ನನಗೂ ಹೇಳಿಸಿಕೊಳ್ಳಬೇಕಾಗಿರಲಿಲ್ಲ.

ಬೆಳಗಿನ ಚಿಕಿತ್ಸೆಗೆ ಮಾತ್ರ ಊರಿಗೆ ಊರೇ ನಿಲ್ಲುತ್ತದೆ. ಒಬ್ಬರು ತಲೆಗೆ ತಣ್ಣೀರು ಸುರಿಯುತ್ತಾರೆ, ಒಬ್ಬರು ನಿಂಬೆಹಣ್ಣು ಹೋಳು ಮಾಡಿ ನೆತ್ತಿಗೆ ತಿಕ್ಕುತ್ತಾರೆ. ಬೂದೆಮ್ಮ ಎಂಬ ಮುದುಕಿ ಹುಣಸೆಹುಳಿ ಕಿವುಚಿ ತರುತ್ತಾಳೆ. ನಿಮ್ಮ ಯಜಮಾನರು ಅದನ್ನೂ ಕುಡಿಯದೆ, "ಯವ್ವಾ, ಇಲ್ಲೇ ಇಡು" ಎನ್ನುತ್ತಾರೆ. ಲೋಟ ಅಲ್ಲೇ ಇರುತ್ತದೆ. ಕೊನೆಗೆ ಯಾರೋ ಇನ್ನೊಂದು ಗ್ಲಾಸು ಸೇಂದಿ ತರುತ್ತಾರೆ. ಅದನ್ನು ಕುಡಿಯುತ್ತಾರೆ.

ಶೇಖಮ್ಮ

*

ಮಾನ್ವಿ
೧೬ ಜನವರಿ ೧೯೮೩

ಟೀಚರ್ ಅವರಿಗೆ,

ಶರಣು. ಸಂಕ್ರಾಂತಿಗೆ ಅವರು ಎರಡು ದಿನ ಮನೆಯಲ್ಲಿದ್ದರು. ಅತ್ತೆಯವರು ಮಠಕ್ಕೆ ಹೋದ ಹೊತ್ತು ನೋಡಿ ಕೇಳಿದೆ. ಮೊದಲು ಸಿಟ್ಟು ಮಾಡಿದರು, ಆಮೇಲೆ ಗೋಡೆಗೆ ಒರಗಿ ಕೂತರು. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ಒಂದು ಊರಾಗ ಒಲ್ಲೆ ಅನ್ನಾಕ ಒಂದೇ ಸಲ ಬರ್ತದ, ಸೂಗೀ. ನಾ ಅವರ ಕೂಳಿಗೆ ಒಲ್ಲೆ ಅಂದೆ. ಆ ದಿನ ಅವರ ಮಾರಿ ನೋಡಬೇಕಿತ್ತು ನೀ. ಸಂಜಿಗೆ ಸೇಂದಿ ಕಳಸಿದ್ರು. ಅಂಗಡಿದು, ಅವರ ಒಲಿ ಮ್ಯಾಲಿಂದಲ್ಲ. ಅದಕ್ಕೂ ಒಲ್ಲೆ ಅಂದಿದ್ರ ಆ ಊರಾಗ ಹೆಂಗ ಮಲಗಲಿ?"

"ಹಂಗಾರ ಬುತ್ತಿ ಕಟ್ಟಿ ಕೊಡ್ತೀನಿ" ಅಂದೆ. ಕಟಕ ರೊಟ್ಟಿ ವಾರದ ತನಕ ಇರುತ್ತದಲ್ಲ. ಅದಕ್ಕೆ, "ಅವರು ಕರದದ್ದು ಬಿಟ್ಟು ಅವರ ಕಣ್ಮುಂದ ನನ್ನ ಗಂಟು ಬಿಚ್ಚಿ ಉಣ್ಣಲಾ?" ಅಂದರು.

ನೀವು ಬೇರೆ ಯಾರನ್ನೋ ನೋಡಿರಬೇಕು ಎಂದು ಬರೆದೆನಲ್ಲ, ನನಗೆ ಏನೂ ಗೊತ್ತಿರಲಿಲ್ಲ ಎಂಬುದು ಪೂರ್ತಿ ನಿಜವಲ್ಲ. ಅಂಗಿ ಒಗೆಯುವವಳು ನಾನು.

ಒಂದು ದಾರಿ ತೋಚಿದೆ. ನೀವು ಇಂಗ್ಲಿಷ್ ಓದಿದವರು, ನಿಮ್ಮ ಬರಹ ನೋಡಿದರೆ ದೊಡ್ಡ ಮನೆತನದವರು. ನೀವು ನಮ್ಮವರೇ ಇರಬೇಕು ಅನಿಸುತ್ತದೆ. ನಿಮ್ಮ ಮನೆಯಲ್ಲಿ ರಾತ್ರಿ ಎರಡು ರೊಟ್ಟಿ ಹಾಕಿದರೆ ಅವರು ಒಲ್ಲೆ ಅನ್ನುವುದಿಲ್ಲ. ಜೋಳ ನಾನು ಕಳಿಸುತ್ತೇನೆ.

ಸೂಗಮ್ಮ

*

ಕೆಂಪಗುಡ್ಡ
೨೮ ಜನವರಿ ೧೯೮೩

ಸೂಗಮ್ಮನವರಿಗೆ,

ನಮಸ್ಕಾರ. ನಾನು ರಾಯಚೂರಿನ ಹರಿಜನವಾಡದಲ್ಲಿ ಹುಟ್ಟಿದವಳು. ನಮ್ಮ ತಂದೆ ಅಯ್ಯಪ್ಪ ಹತ್ತಿ ಜಿನ್ನಿನಲ್ಲಿ ಹಮಾಲಿ ಮಾಡುತ್ತಿದ್ದರು. ಮಿಷನ್ ಶಾಲೆಯಲ್ಲಿ ಫೀಸಿಲ್ಲದೆ ಓದಿದ್ದರಿಂದ ಇಂಗ್ಲಿಷ್ ಬಂತು. ಈಗ ನಮ್ಮ ಮನೆಯಲ್ಲಿ ಬುದ್ಧನ ಪಟವಿದೆ. ಇಷ್ಟು ಬರೆದರೆ ನಿಮ್ಮ ಪ್ರಶ್ನೆಗೆ ಉತ್ತರವಾಯಿತು.

ಈ ಪತ್ರವನ್ನು ಎರಡು ಸಲ ಬರೆದು ಹರಿದೆ. ಒಂದರಲ್ಲಿ ಬಹಳ ಸಿಟ್ಟಿತ್ತು, ಇನ್ನೊಂದರಲ್ಲಿ ಬಹಳ ವಿನಯವಿತ್ತು. ನನಗೆ ಯಾವುದೂ ನನ್ನದೆನಿಸಲಿಲ್ಲ.

ನೀವು ರೊಟ್ಟಿ ಕಳಿಸಿದರೆ ನನ್ನ ಮನೆಯ ಗೂಟಕ್ಕೆ ತೂಗುಹಾಕಿ ಅವರಿಗೆ ಹೊರಗೆ ಕೊಡಬಹುದಲ್ಲ ಎಂದೂ ಯೋಚಿಸಿದೆ. ಮೂವರು ಹುಡುಗಿಯರ ಮುಖ ನೆನೆದರೆ, ಅಷ್ಟು ಮಾಡಿದರೆ ಏನಾಯಿತು ಎನಿಸುತ್ತದೆ. ಆಮೇಲೆ ಅದೇ ಹುಡುಗಿಯರು ಅದನ್ನು ನೋಡುತ್ತಾರೆ ಎಂಬುದು ನೆನಪಾಗುತ್ತದೆ. ನಾನು ಅವರಿಗೆ ಕಲಿಸಿದ್ದು ಅದನ್ನಲ್ಲ.

ಆದ್ದರಿಂದ ಹೀಗೆ ಹೇಳುತ್ತೇನೆ. ನನ್ನ ಮನೆಯಲ್ಲಿ ಅವರಿಗೆ ಊಟವಿದೆ. ನಾನು ಮಾಡಿದ್ದು, ನನ್ನ ಕೊಡದ ನೀರಿನೊಂದಿಗೆ, ಒಳಗೆ ಚಾಪೆಯ ಮೇಲೆ. ಜೋಳ ಕಳಿಸಬೇಡಿ.

ಶೇಖಮ್ಮ

*

ಕೆಂಪಗುಡ್ಡ
೯ ಮಾರ್ಚ್ ೧೯೮೩

ಸೂಗಮ್ಮನವರಿಗೆ,

ನಿಮ್ಮಿಂದ ಉತ್ತರ ಬರಲಿಲ್ಲ. ಏಕೆಂದು ಕೇಳುವುದಿಲ್ಲ. ನಡೆದದ್ದನ್ನಷ್ಟೇ ತಿಳಿಸುತ್ತೇನೆ.

ಕಳೆದ ಗುರುವಾರ ಹೈಸ್ಕೂಲಿನಲ್ಲಿ ಪೂರ್ವಸಿದ್ಧತಾ ಪರೀಕ್ಷೆ ಶುರುವಾಯಿತು. ಅಂದು ಬಸ್ಸು ಹೊರಟಾಗ ಒಂಬತ್ತು ದಾಟಿತ್ತು. ನಿಮ್ಮ ಯಜಮಾನರು ಎರಡು ಸಲ ಸ್ಟೀರಿಂಗ್ ಮುಂದೆ ಕೂತು ಎರಡು ಸಲ ಇಳಿದರು. "ಕಣ್ಣು ಮುಂದ ರಸ್ತಾ ಎರಡಾಗ್ಯದ, ನಾ ಹುಡುಗ್ಯಾರನ್ನ ಕುಂದ್ರಿಸಿಕೊಂಡು ಹೆಂಗ ಹೊಡೀಲಿ" ಎಂದರು. ತಲೆ ಇಳಿಯುವವರೆಗೆ ಹೊಡೆಯದೆ ಇದ್ದದ್ದು ಒಳ್ಳೆಯದೇ ಆಯಿತು. ಆದರೆ ಮಕ್ಕಳು ಮುಟ್ಟುವ ಹೊತ್ತಿಗೆ ಪರೀಕ್ಷೆಯ ಕೋಣೆಯ ಬಾಗಿಲು ಮುಚ್ಚಿತ್ತು.

ಮೂವರಲ್ಲಿ ಗದ್ದೆಮ್ಮ ಎಲ್ಲರಿಗಿಂತ ಚುರುಕು. ಅವಳ ತಂದೆ ರಾಮಣ್ಣ ಸಂಜೆ ನಮ್ಮ ಬಾಗಿಲಿಗೆ ಬಂದ. "ಸುಮ್ನ ಹೋಗಿ ಸುಮ್ನ ಬಂದಳಲ್ರಿ. ದೊಡ್ಡ ಪರೀಕ್ಷಿಗೂ ಹಿಂಗ ಆದ್ರ ನಾ ಕೇಳೂದಿಲ್ಲ. ಚಂದ್ರಬಂಡದಾಗ ಒಂದು ಮನಿ ನೋಡೀನಿ, ಕೊಟ್ಟುಬಿಡ್ತೀನಿ" ಎಂದ. ಅವನು ಸುಮ್ಮನೆ ಹೆದರಿಸುವ ಮನುಷ್ಯನಲ್ಲ. ಗದ್ದೆಮ್ಮ ಅವನ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದಳು.

ಡಿಪೋಗೆ ದೂರು ಬರೆದಿಟ್ಟಿದ್ದೇನೆ. ಹದಿನೈದು ದಿನ ಕಾಯುತ್ತೇನೆ. ಇದನ್ನು ಬೆದರಿಕೆ ಎಂದು ತಿಳಿಯಬೇಡಿ. ನಿಮಗೆ ತಿಳಿಸದೆ ಹಾಕಬಾರದು ಅನಿಸಿತು.

ಶೇಖಮ್ಮ

*

ಮಾನ್ವಿ
೨೦ ಮಾರ್ಚ್ ೧೯೮೩

ಶೇಖಮ್ಮನವರಿಗೆ,

ಶರಣು. ಉತ್ತರ ಬರೆಯಲಿಲ್ಲ, ಏಕೆಂದರೆ ಏನು ಬರೆಯಬೇಕೋ ತಿಳಿಯಲಿಲ್ಲ. ನೀವು ನಮ್ಮವರೇ ಇರಬೇಕು ಎಂದು ಬರೆದದ್ದು ನೆನೆದರೆ ಮುಖ ಬಿಸಿಯಾಗುತ್ತದೆ. ಆದರೂ ಬೇರೆ ಏನೆಂದುಕೊಳ್ಳಬೇಕಿತ್ತು ಎಂದು ನನ್ನ ಮನಸ್ಸು ವಾದ ಮಾಡುತ್ತಿತ್ತು. ಆ ವಾದ ಮುಗಿಯಲು ಇಷ್ಟು ದಿನ ಹಿಡಿಯಿತು.

ಆ ಗುರುವಾರದ ಸಂಗತಿಯನ್ನು ಅವರೇ ಬಂದು ಹೇಳಿದರು. ಉಣ್ಣಲಿಲ್ಲ. "ಆ ಹುಡುಗಿ ಅಳಲಿಲ್ಲ, ಸೂಗೀ. ಪೆನ್ನು ಕೈಯಾಗ ಹಿಡಕೊಂಡು ಹಂಗ ಕುಂತಿದ್ಲು" ಅಂದರು. ಆಗ ನಿಮ್ಮ ಪತ್ರಗಳನ್ನು ತೆಗೆದು ಓದಿ ಹೇಳಿದೆ. ಚಾಪೆ, ಕೊಡದ ನೀರು, ಎಲ್ಲವನ್ನೂ.

ಕೇಳಿ ಮುಗಿದ ಮೇಲೆ, "ಅವ್ವಗ ಏನ್ ಹೇಳ್ತಿ?" ಅಂದರು. "ಅವ್ವಗ ನಾ ಹೇಳ್ತೀನಿ. ನೀವು ಉಣ್ರಿ" ಅಂದೆ. "ನಾನಾಗಿ ಹೋಗಿ ಊಟಕ್ಕ ನೀಡ್ರಿ ಅನ್ಲೇನು? ಆ ಊರವರು ಒಮ್ಮಿ ಕರದ್ರು, ನಾ ಒಲ್ಲೆ ಅಂದೆ, ಮುಗೀತು" ಅಂದರು.

ನೀವು ಚಾಪೆಯ ಮಾತನ್ನು ನನಗೆ ಬರೆದಿರಿ. ಅವರನ್ನು ಬಾಯಿಬಿಟ್ಟು ಕರೆದಿದ್ದೀರಾ? ದೂರು ಹಾಕುವ ಮೊದಲು ಒಮ್ಮೆ ಕರೆದು ನೋಡಿ.

ಸೂಗಮ್ಮ

*

ದೇವದುರ್ಗ
೫ ಏಪ್ರಿಲ್ ೧೯೮೩

ಪ್ರಿಯ ಸೂಗಮ್ಮ,

ಹೈಸ್ಕೂಲಿನ ಹೊರಗೆ ಬೇವಿನ ಕಟ್ಟೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಮೂವರೂ ಒಳಗೆ ಪರೀಕ್ಷೆ ಬರೆಯುತ್ತಿದ್ದಾರೆ. ನಾನು ರಜೆ ಹಾಕಿ ಜೊತೆಗೆ ಬಂದೆ. ಬಸ್ಸು ಸರಿಯಾದ ಹೊತ್ತಿಗೆ ಹೊರಟಿತು, ಎಷ್ಟೆಂದರೆ ಜಾಲಹಳ್ಳಿಯಲ್ಲಿ ಜನ ಇನ್ನೂ ಚಹಾ ಕುಡಿಯುತ್ತಿದ್ದರು, ನಮ್ಮನ್ನು ನೋಡಿ ಗಾಬರಿಯಾಗಿ ಓಡಿ ಬಂದರು.

ನಿನ್ನೆಯ ಸಂಜೆಯದನ್ನು ಹೇಳಬೇಕು. ನಿಮ್ಮ ಪತ್ರ ಬಂದ ಮೇಲೆ ದೂರನ್ನು ಡಿಪೋಗೆ ಹಾಕಲಿಲ್ಲ, ಆದರೆ ಎರಡು ವಾರ ಅವರನ್ನು ಕರೆಯಲೂ ಇಲ್ಲ. ಶಾಲೆ ಬಿಟ್ಟ ಮೇಲೆ ದಿನವೂ ಬಸ್ಸಿನವರೆಗೆ ಹೋಗಿ ಬೇರೆ ಏನೋ ಮಾತಾಡಿ ಬರುತ್ತಿದ್ದೆ. ಕಾಗದದಲ್ಲಿ ಅಷ್ಟು ಗಟ್ಟಿಯಾಗಿ ಬರೆದವಳಿಗೆ ಬಾಯಿ ಬರಲಿಲ್ಲ. ಅವರು ಒಲ್ಲೆ ಎಂದರೆ ನಾಳೆ ಅವರು ಬೇಡವೆಂದ ನನ್ನ ಬಾಗಿಲಲ್ಲೇ ನಿಂತು ಮಕ್ಕಳನ್ನು ಶಾಲೆಗೆ ಕರೆಯಬೇಕಲ್ಲ ಎಂಬ ಭಯ. ಈ ಭಯ ನನಗೆ ಹೊಸದಲ್ಲ, ನಿಮಗೆ ವಿವರಿಸುವುದಿಲ್ಲ. ನಿನ್ನೆ ಮಾತ್ರ ಇನ್ನು ದಿನವಿರಲಿಲ್ಲ.

ಅವರು ಗಾಜು ಒರೆಸುತ್ತಿದ್ದರು. "ವಿರೂಪಣ್ಣನವರೇ, ನಮ್ಮ ಮನಿಗೆ ಊಟಕ್ಕ ಬರ್ರಿ" ಎಂದೆ.

ಒರೆಸುವ ಕೈ ನಿಂತಿತು. "ನಿಮ್ಮ ಮನಿಗಾ?"

"ಹೂಂ. ಒಳಗ ಚಾಪಿ ಹಾಕೀನಿ."

ಬುರ್ಹಾನುದ್ದೀನ್ ಬಸ್ಸಿನ ಬಾಗಿಲಲ್ಲಿ ಚೀಲದ ಚಿಲ್ಲರೆ ಎಣಿಸುವವರ ಹಾಗೆ ತಲೆ ಬಗ್ಗಿಸಿ ನಿಂತಿದ್ದರು. "ಹೋಗ್ರಿ ಸಾಬ್, ನಾಳಿ ಇಂಜಿನ್‌ಗೆ ಅಷ್ಟ ಡೀಸೆಲ್ ಹಾಕಿದ್ರ ಆಗೂದಿಲ್ಲ, ಡ್ರೈವರ್‌ಗೂ ಬೇಕು" ಎಂದರು. ನಿಮ್ಮವರು ಬಟ್ಟೆ ಝಾಡಿಸಿ ಮಡಚಿ, ಕೈಕಾಲು ತೊಳೆದು ಬಂದರು.

ಜೋಳದ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ. ಕೂತವರು ಮೊದಲು ನೀರಿನ ಲೋಟವನ್ನು ನೋಡಿದರು. ನಾನು ಒಲೆಯ ಕಡೆ ತಿರುಗಿದೆ. ಯಾರಾದರೂ ನೋಡುತ್ತಿದ್ದರೆ ಮನುಷ್ಯ ಕುಡಿಯಲಾರ ಅನಿಸಿತು. ಮತ್ತೆ ತಿರುಗಿದಾಗ ಲೋಟ ಖಾಲಿಯಿತ್ತು. ಮೊದಲ ರೊಟ್ಟಿ ಬಹಳ ನಿಧಾನವಾಗಿ ಹೋಯಿತು. ಮೂರನೆಯದಕ್ಕೆ, "ಪಲ್ಯ ಇನ್ನಾ ಅದ ಏನ್ರಿ?" ಎಂದರು.

ಅಷ್ಟರಲ್ಲಿ ವೆಂಕಣ್ಣ ತಾವೇ ಸೇಂದಿ ಹಿಡಿದು ಬಂದರು. ಚಾವಡಿಯಲ್ಲಿ ಇವರಿಲ್ಲದ್ದು ಕಂಡು ಹುಡುಕಿಕೊಂಡು ಬಂದಿದ್ದರು. ಬಾಗಿಲ ಹೊರಗೆ ನಿಂತು, "ಏನು ಡ್ರೈವರಪ್ಪಾ, ಇಲ್ಲಿ ಕುಂತೀಯೇನು?" ಎಂದರು.

"ಉಣ್ಣಾಕತ್ತೀನಿ. ಇವತ್ತು ಗ್ಲಾಸು ಒಲ್ಲೆ ಯಪ್ಪಾ, ಉಂಡೀನಿ" ಎಂದರು ನಿಮ್ಮವರು. ಎಷ್ಟು ಸಲೀಸಾಗಿ ಅಂದರು ಗೊತ್ತೇ. ಆ ಮನುಷ್ಯನ ಬಾಯಲ್ಲಿ ಈ ಊರಿನಲ್ಲಿ ಎರಡನೆಯ ಸಲ ಬಂದ 'ಒಲ್ಲೆ' ಅದು. ಯಾರಿಗೂ ಅದರಿಂದ ನೋವಾಗಲಿಲ್ಲ.

ವೆಂಕಣ್ಣನಿಗೆ ನೋವಾದದ್ದು ಬೇರೆಯದಕ್ಕೆ. "ನಾವು ಕರದ್ರ ಹೊಟ್ಟಿ ಸರಿ ಇಲ್ಲ, ಟೀಚರ್ ಕರದ್ರ ಸರಿ ಆತೇನು? ನಾಳಿ ನಮ್ಮ ಮನ್ಯಾಗ. ನಾ ಏನೂ ಕೇಳೂದಿಲ್ಲ."

"ಆತು, ನಾಳಿ ನಿಮ್ಮಲ್ಲಿ. ಈಗ ನೀವು ಒಳಗ ಬರ್ರಿ, ರೊಟ್ಟಿ ಬಿಸಿ ಅದಾವ" ಎಂದರು ನಿಮ್ಮವರು.

ಸೂಗಮ್ಮ, ವೆಂಕಣ್ಣ ಒಳ್ಳೆಯವರು. ಈ ಊರಿಗೆ ನನ್ನನ್ನು ಬರಮಾಡಿಕೊಂಡವರೂ ಅವರೇ. ಆದರೆ ಇಷ್ಟು ವರ್ಷದಲ್ಲಿ ಅವರೂ ನನ್ನ ಹೊಸ್ತಿಲು ದಾಟಿಲ್ಲ. ನಿಮ್ಮವರಿಗೆ ಇದು ಗೊತ್ತಿತ್ತೋ, ಗೊತ್ತಿಲ್ಲದೆ ಅಂದರೋ ನಾನರಿಯೆ. ವೆಂಕಣ್ಣ ತಮ್ಮ ಕಾಲು ನೋಡಿಕೊಂಡರು. "ನಂದು ಊಟ ಆಗ್ಯದ" ಎಂದರು. ಹೋಗಲಿಲ್ಲ. ಹೊಸ್ತಿಲ ಹೊರಗಿನ ಕಲ್ಲಿನ ಮೇಲೆ ಕೂತು, ಸ್ವಲ್ಪ ಹೊತ್ತಿಗೆ, "ಮಜ್ಜಿಗಿ ಇದ್ರ ಕೊಡವ್ವ, ಸೆಕಿ ಭಾಳ ಅದ" ಎಂದರು. ಕೊಟ್ಟೆ. ಕುಡಿದು ಲೋಟವನ್ನು ನನ್ನ ಕೈಗೇ ಕೊಟ್ಟರು.

ಪರೀಕ್ಷೆಯ ನೆಪ ಹಿಡಿದು ಒಬ್ಬ ಮನುಷ್ಯನನ್ನು ಚಾಪೆಗೆ ತಂದೆನೇ ಎಂದು ರಾತ್ರಿ ಯೋಚಿಸಿದೆ. ಇರಬಹುದು. ಬೆಳಿಗ್ಗೆ ಅವರು ಬೂದೆಮ್ಮನ ಹುಳಿನೀರನ್ನು ಬೇಕಾಗಿಯೇ ಇಲ್ಲದಿದ್ದರೂ ಕೇಳಿ ಕುಡಿದರು. ಅದನ್ನು ನೋಡಿದ ಮೇಲೆ ಹೆಚ್ಚು ಯೋಚಿಸಲಿಲ್ಲ.

ಗಂಟೆ ಬಾರಿಸುತ್ತಿದೆ. ಗದ್ದೆಮ್ಮ ಎಲ್ಲರಿಗಿಂತ ಕೊನೆಗೆ ಬರುತ್ತಾಳೆ, ಪೂರ್ತಿ ಹೊತ್ತು ಬರೆಯುವವಳು.

ನಿಮ್ಮ,
ಶೇಖಮ್ಮ

*

ಮಾನ್ವಿ
೧೭ ಏಪ್ರಿಲ್ ೧೯೮೩

ಶೇಖಮ್ಮಕ್ಕನಿಗೆ,

ಶರಣು. ಪರೀಕ್ಷೆಗಳೆಲ್ಲ ಮುಗಿದವೆಂದು ಇವರು ಹೇಳಿದರು. ಪರೀಕ್ಷೆಯ ಒಂದು ದಿನವೂ ಬಸ್ಸು ತಡವಾಗಲಿಲ್ಲವೆಂದು ಹತ್ತು ಸಲ ಹೇಳಿದರು. ಈಗ ಊರಿನವರು ಪಾಳಿ ಹಚ್ಚಿ ಉಣ್ಣಿಸುತ್ತಾರಂತೆ, ಸೊಂಟದ ಪಟ್ಟಿ ಸಡಿಲ ಮಾಡಿಕೊಂಡಿದ್ದಾರೆ.

ಕುಡಿಯುವುದನ್ನು ಪೂರ್ತಿ ಬಿಟ್ಟಿದ್ದಾರೆ ಎಂದು ನಾನು ಬರೆಯುವುದಿಲ್ಲ. ಪರೀಕ್ಷೆ ಮುಗಿದ ಶುಕ್ರವಾರ ವೆಂಕಣ್ಣನ ಮನೆಯಲ್ಲಿ ಉಂಡ ಮೇಲೆ ಸ್ವಲ್ಪ ತೆಗೆದುಕೊಂಡರಂತೆ. ನಾನು ಕೇಳದೆ ತಾವೇ ಹೇಳಿದರು. ಇದು ನನಗೆ ಹೊಸದು. ಬೆಳಿಗ್ಗೆ ತಲೆ ಭಾರವಿತ್ತಂತೆ, ಅದು ಪೂರ್ತಿ ಇಳಿಯುವವರೆಗೆ ಬಸ್ಸು ಮುಟ್ಟಲಿಲ್ಲವಂತೆ. "ಇನ್ ಮ್ಯಾಲೆ ಬಸ್ಸಿನ ವಾರದಾಗ ಬ್ಯಾಡ" ಅಂದರು. ನೋಡೋಣ.

ಅತ್ತೆಯವರಿಗೆ ನಾನೇ ಹೇಳಿದೆ. ಆ ದಿನವೇ ಅವರು ಮಗ ಉಣ್ಣುವ ಗಂಗಾಳ ಬೇರೆ ತೆಗೆದಿಟ್ಟರು. ಹೋದ ಭಾನುವಾರ ಮಾತ್ರ ಇವರು ಉಣ್ಣುವಾಗ ಹತ್ತಿರ ಬಂದು ಕೂತು, "ಆ ಟೀಚರ್ ರೊಟ್ಟಿ ಬಡೀತಾಳೋ, ಲಟ್ಟಸ್ತಾಳೋ?" ಅಂತ ಕೇಳಿದರು. "ಬಡೀತಾರವ್ವ, ನಿನ್ನಂಗ ತೆಳ್ಳಗ" ಅಂದರು ಇವರು. "ಕೆಲಸ ಬಲ್ಲ ಹೆಣ್ಣಮಗಳು" ಅಂತ ಹೇಳಿ ಎದ್ದು ಹೋದರು. ಗಂಗಾಳ ಇನ್ನೂ ಬೇರೆಯೇ ಇದೆ. ಆದರೆ ಇವತ್ತು ಅದಕ್ಕೆ ಬಡಿಸಿದವರು ಅತ್ತೆಯವರೇ.

ಅಕ್ಕಾ, ನಾನು ನಿಮ್ಮೂರಿಗೆ ಬರಬೇಕು ಅಂದುಕೊಂಡಿದ್ದೇನೆ. ಸೋಮವಾರ ಇವರ ಜೊತೆ ರಾಯಚೂರಿಗೆ ಬಂದು, ಸಂಜೆಯ ಬಸ್ಸು ಹತ್ತಿದರೆ ಆಯಿತು. ನನಗೂ ನಿಮ್ಮ ಪುಂಡಿಪಲ್ಯ ತಿನ್ನಬೇಕು. ಹಾಗೆಂದು ಕರೆಯದೆ ಬರುವುದು ಹೇಗೆ? ಕಾಗದ ಮುಟ್ಟಿದ ಕೂಡಲೇ ಒಂದು ಸಾಲು ಬರೆದು ಹಾಕಿ. ನಾನು ಒಲ್ಲೆ ಅನ್ನುವುದಿಲ್ಲ.

ನಿಮ್ಮ ತಂಗಿ,
ಸೂಗಮ್ಮ